ಎರಡು ಕಪಾಟುಗಳ ನಡುವೆ ಒಂದು ಪುಸ್ತಕ

ಇಂದು ಮಧ್ಯಾಹ್ನವಿಡೀ ಗ್ರಂಥಾಲಯದ ನನ್ನ ಮೇಜಿನ ಮೇಲೆ, ಸೂಚಿಗೆ ಸೇರಿಸಲೆಂದು, ಒಂದೇ ಪುಸ್ತಕವಿತ್ತು. ಇಸ್ಲಾಮಿನ ಹನಫಿ ಪಂಥದ ಹಳೆಯ ಫಿಕ್ಹ್ ಗ್ರಂಥ, ಅಂದರೆ ಧಾರ್ಮಿಕ ನಿಯಮಗಳ ಶಾಸ್ತ್ರಗ್ರಂಥ. ಪರಿವಿಡಿ ತೆರೆದರೆ ಮೊದಲು ಶುದ್ಧಿ, ನಮಾಜು, ಜಕಾತ್ ಎಂಬ ಕಡ್ಡಾಯ ದಾನ, ಉಪವಾಸ. ಪುಟ ಮಗುಚಿದರೆ ಮದುವೆ, ತಲಾಖ್, ಕ್ರಯವಿಕ್ರಯ, ಸಾಕ್ಷ್ಯ.

ಇದಕ್ಕೆ ಯಾವ ಸಂಖ್ಯೆ ಕೊಡಲಿ?

ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಇಸ್ಲಾಮಿನ ಆಚರಣೆಯ ನಿಯಮಗಳು 297.14ಕ್ಕೆ, ಅಂದರೆ ಧರ್ಮದ ಕಪಾಟಿಗೆ. ಇಸ್ಲಾಮಿಕ್ ಕಾನೂನು 340.59ಕ್ಕೆ, ಕಾನೂನಿನ ಕಪಾಟಿಗೆ. ಬರೆದವರ ಪಾಲಿಗೆ ಈ ಗೋಡೆಯೇ ಇರಲಿಲ್ಲ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಮಾಡುವ ಬಗೆಯೂ ಮಾರಾಟದ ಕರಾರೂ ಒಂದೇ ಶಾಸ್ತ್ರದ ಅಧ್ಯಾಯಗಳು. ಇನ್ನೊಂದು ವರ್ಗೀಕರಣವಾದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ಇಸ್ಲಾಮಿಕ್ ಕಾನೂನಿಗೆಂದೇ ಕೆಬಿಪಿ ಎಂಬ ವರ್ಗವಿದೆ. ಅದನ್ನು ಕಂಡಾಗಲೆಲ್ಲ ನನಗೆ ಸಮಾಧಾನ.

ಅಷ್ಟರಲ್ಲಿ ಪುಟದ ಅಂಚು ಕಣ್ಣಿಗೆ ಬಿತ್ತು. ನಡುವೆ ಮೂಲ, ಸುತ್ತಲೂ ಸಣ್ಣ ಅಕ್ಷರಗಳಲ್ಲಿ, ಓರೆಯಾಗಿ, ಬೇರೊಬ್ಬರ ವ್ಯಾಖ್ಯಾನ. ಮುಖಪುಟದ ಹೆಸರನ್ನಷ್ಟೇ ದಾಖಲಿಸಿದರೆ ಆ ವ್ಯಾಖ್ಯಾನಕಾರರು ಇಡೀ ಸೂಚಿಯಲ್ಲಿ ಎಲ್ಲೂ ಸಿಗುವುದಿಲ್ಲ. ಅವರನ್ನೇ ಹುಡುಕಿಕೊಂಡು ಬಂದ ಓದುಗರು ಬರಿಗೈಯಲ್ಲಿ ಹಿಂದಿರುಗಬೇಕು. ಪುಸ್ತಕ ಮಾತ್ರ ಎರಡು ಮಾರು ದೂರದಲ್ಲೇ ಇರುತ್ತದೆ!

ಅವರ ಹೆಸರಿಗೂ ಒಂದು ನಮೂದು ಮಾಡಿದೆ. ಪುಸ್ತಕವನ್ನು 340.59ರಲ್ಲಿ ಇಟ್ಟೆ. ವಿಷಯ ಶೀರ್ಷಿಕೆಗಳಲ್ಲಿ ‘ನಮಾಜು’ ಎಂದೂ ಸೇರಿಸಿದೆ.