ಭಾಷಣ ಮುಗಿದ ಮೇಲೆ ಹತ್ತಿರ ಬರುವ ಆ ಒಬ್ಬರಿಗಾಗಿ

ವಿಶ್ವ ಮಾನಸಿಕ ಆರೋಗ್ಯ ದಿನವಾದ ಅಕ್ಟೋಬರ್ 10 ಹತ್ತಿರ ಬರುತ್ತಿದ್ದಂತೆ ಮಾನಸಿಕ ಆರೋಗ್ಯದ ಕಾರ್ಯಕ್ರಮಗಳಿಗೆ ಎಲ್ಲಿಲ್ಲದ ಬೇಡಿಕೆ. 1992ರಲ್ಲಿ ವಿಶ್ವ ಮಾನಸಿಕ ಆರೋಗ್ಯ ಒಕ್ಕೂಟ ಈ ದಿನಾಚರಣೆ ಶುರು ಮಾಡಿದ್ದು ಒಳ್ಳೆಯದೇ ಆಯಿತು. ವರ್ಷಕ್ಕೊಂದು ಸಲವಾದರೂ ಸಭಾಂಗಣ ಸಿಗುತ್ತದೆ, ಜನ ಸೇರುತ್ತಾರೆ. ಆದರೆ ಕಾರ್ಯಕ್ರಮಕ್ಕೆ ನಿಜವಾದ ಪರೀಕ್ಷೆ ಮೈಕ್ ಆಫ್ ಆದ ಮೇಲಿನ ಹತ್ತು ನಿಮಿಷ. ಎಲ್ಲರೂ ಬಾಗಿಲ ಕಡೆ ಹೊರಟಾಗ ಒಬ್ಬರು ಹಿಂದೆ ಉಳಿಯುತ್ತಾರೆ. "ನಮಗೆ ಗೊತ್ತಿರೋರೊಬ್ಬರಿಗೆ ಹೀಗಾಗಿದೆ, ಏನು ಮಾಡಬಹುದು?" ಎಂದು ಮೆಲ್ಲಗೆ ಕೇಳುತ್ತಾರೆ. ಆ ಗೊತ್ತಿರುವವರು ಬಹಳ ಸಲ ಅವರೇ ಆಗಿರುತ್ತಾರೆ. "ಒಳ್ಳೇ ಡಾಕ್ಟರಿಗೆ ತೋರಿಸಿ" ಎಂಬುದಷ್ಟೇ ನಮ್ಮ ಉತ್ತರವಾದರೆ ಅಂದಿನ ಓಡಾಟವೆಲ್ಲ ದಂಡ.

ಅದಕ್ಕೇ ಮೊದಲು ಸಹಾಯದ ದಾರಿ ಸಿದ್ಧವಾಗಬೇಕು, ಜಾಗೃತಿ ಆಮೇಲೆ. ದಾರಿಯಿಲ್ಲದೆ ಜಾಗೃತಿ ಮೂಡಿಸಿದರೆ ಜನರಲ್ಲಿ ಆತಂಕವಷ್ಟೇ ಹೆಚ್ಚುತ್ತದೆ.

ದಾರಿ ಎಂದರೆ ಒಂದು ಹಾಳೆ. ಅದರಲ್ಲಿ ಮೂರು ಭಾಗ: ಇವತ್ತೇ ಬೇಕಾದ ಸಹಾಯ, ಈ ವಾರದೊಳಗೆ ಸಿಗುವ ಸಹಾಯ, ನಿಧಾನವಾಗಿ ನಡೆಯುವ ಸಹಾಯ. ಮೊದಲನೆಯದರಲ್ಲಿ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ ಮತ್ತು ಹೆಲ್ಪ್‌ಲೈನ್. ಎರಡನೆಯದರಲ್ಲಿ ಮನೋವೈದ್ಯರು, ಆಪ್ತಸಮಾಲೋಚಕರು, ಮಾನಸಿಕ ಸಮಸ್ಯೆಯನ್ನೂ ನೋಡಬಲ್ಲ ಸಾಮಾನ್ಯ ವೈದ್ಯರು. ಮೂರನೆಯದರಲ್ಲಿ ಕುಟುಂಬದವರ ಗುಂಪುಗಳು, ಕುಡಿತ ಬಿಡಲು ನೆರವಾಗುವ ಗುಂಪುಗಳು. ಹಾಳೆಗೆ ಸೇರಿಸುವ ಮುಂಚೆ ಪ್ರತಿಯೊಂದು ನಂಬರಿಗೂ ಫೋನ್ ಮಾಡಿ ನೋಡಲೇಬೇಕು. ಯಾರು ಎತ್ತುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಮೊದಲ ಭೇಟಿಗೆ ಎಷ್ಟು ದಿನ ಕಾಯಬೇಕು, ಖರ್ಚೆಷ್ಟು, ಒಬ್ಬರೇ ಹೋಗಬಹುದೇ, ಯಾವ ದಾಖಲೆ ಕೇಳುತ್ತಾರೆ, ಎಲ್ಲವನ್ನೂ ಬರೆದುಕೊಳ್ಳಿ. ಇಪ್ಪತ್ನಾಲ್ಕು ಗಂಟೆ ಸೇವೆ ಎಂದು ಹೇಳಿಕೊಳ್ಳುವ ಹೆಲ್ಪ್‌ಲೈನಿಗೆ ರಾತ್ರಿ ಹನ್ನೊಂದಕ್ಕೂ, ರಜಾದಿನವೂ ಒಮ್ಮೆ ಫೋನ್ ಮಾಡಿ, ಪರಿಶೀಲನೆಗೆ ಮಾಡಿದ ಕರೆ ಎಂದು ಮೊದಲೇ ತಿಳಿಸಿ, ಸಾಲಿನಲ್ಲಿ ಕಾಯುತ್ತಿರುವವರಿಗೆ ತೊಂದರೆಯಾಗದಂತೆ ಬೇಗ ಇಟ್ಟುಬಿಡಿ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪಟ್ಟಿಗಳಲ್ಲಿ ಎಷ್ಟೋ ನಂಬರುಗಳು ಸತ್ತಿರುತ್ತವೆ. ಬಹಳ ಧೈರ್ಯ ಮಾಡಿ ಫೋನ್ ಹಚ್ಚಿದವರಿಗೆ "ಈ ಸಂಖ್ಯೆ ಚಾಲ್ತಿಯಲ್ಲಿಲ್ಲ" ಎಂದು ಕೇಳಿಸಿದರೆ ಅವರು ಇನ್ನೊಂದು ನಂಬರು ಹುಡುಕುವುದು ಅಪರೂಪ.

ಹಾಳೆ ಆಯಿತು, ಈಗ ಸಭೆ. ಇನ್ನೂರು ಜನರ ಸಭಾಂಗಣಕ್ಕಿಂತ ಇಪ್ಪತ್ತೈದು ಕುರ್ಚಿಯ ಕೋಣೆ ವಾಸಿ. ಒಂದೂವರೆ ಗಂಟೆ ಸಾಕು. ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕಿ, ಬಾಗಿಲ ಹತ್ತಿರ ಎರಡು ಖಾಲಿ ಬಿಡಿ. ಮಾತು ತಾಳಲಾರದೆ ಎದ್ದು ಹೋಗಬೇಕೆನಿಸಿದವರಿಗೆ ಎಲ್ಲರ ಮುಂದೆ ಹಾದುಹೋಗುವ ಕಷ್ಟ ಬರಬಾರದು. ಹಾಗೆ ಹೊರಗೆ ಹೋದವರ ಜೊತೆ ಮಾತಾಡಲು ಸ್ವಯಂಸೇವಕರೊಬ್ಬರು ಹೊರಗಡೆಯೇ ಇರಬೇಕು. ಪ್ರಶ್ನೆಗಳನ್ನು ಕೈಯೆತ್ತಿಸಿ ಕೇಳಿಸುವುದಕ್ಕಿಂತ ಚೀಟಿಯಲ್ಲಿ ಬರೆಸಿಕೊಳ್ಳುವುದು ಮೇಲು. ಇಲ್ಲೊಂದು ಸೂಕ್ಷ್ಮವಿದೆ: ಪ್ರಶ್ನೆ ಇದ್ದವರಿಗೆ ಮಾತ್ರ ಚೀಟಿ ಕೊಟ್ಟರೆ ಬರೆಯುತ್ತಿರುವವರು ಯಾರೆಂದು ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ಬಗೆಯ ಚೀಟಿ, ಒಂದೇ ಬಗೆಯ ಪೆನ್ನು ಕೊಡಿ. ಪ್ರಶ್ನೆ ಇಲ್ಲದವರು "ಪ್ರಶ್ನೆ ಇಲ್ಲ" ಎಂದೇ ಬರೆದು ಮಡಚಿ ಡಬ್ಬಕ್ಕೆ ಹಾಕಲಿ.

ಯಾರು ಮಾತಾಡಬೇಕು? ಮಿದುಳಿನ ಚಿತ್ರ ತೋರಿಸಿ, ರಾಸಾಯನಿಕಗಳ ಹೆಸರು ಹೇಳಿ, "ಇದೂ ಸಕ್ಕರೆ ಕಾಯಿಲೆ ಹಾಗೇ ಒಂದು ಕಾಯಿಲೆ" ಎಂದು ವಿವರಿಸುವ ಉಪನ್ಯಾಸ ಎಲ್ಲ ಕಡೆ ನಡೆಯುತ್ತದೆ. ಅದರ ಫಲ ಅರ್ಧಂಬರ್ಧ. ಅಮೆರಿಕದಲ್ಲಿ 1996 ಮತ್ತು 2006ರ ಸಮೀಕ್ಷೆಗಳನ್ನು ಹೋಲಿಸಿ ನೋಡಿದಾಗ, ಇದು ಮಿದುಳಿಗೆ ಸಂಬಂಧಿಸಿದ ಕಾಯಿಲೆ ಎಂದು ಒಪ್ಪುವವರೂ ಚಿಕಿತ್ಸೆ ಬೇಕು ಎನ್ನುವವರೂ ಹೆಚ್ಚಾಗಿದ್ದರು. ಆದರೆ ಕಾಯಿಲೆ ಇರುವವರನ್ನು ನೆರೆಯವರಾಗಿ, ಸಹೋದ್ಯೋಗಿಯಾಗಿ ಒಪ್ಪಿಕೊಳ್ಳುವ ಮನಸ್ಸು ಹೆಚ್ಚಿರಲಿಲ್ಲ. ಕಳಂಕ ಕರಗಲು ವಿವರಣೆಗಿಂತ ಒಡನಾಟ ಬೇಕು. ಆ ದಾರಿಯಲ್ಲಿ ನಡೆದು ಚೇತರಿಸಿಕೊಂಡವರೊಬ್ಬರು ಎದುರಿಗೆ ಕೂತು ಹದಿನೈದು ನಿಮಿಷ ಮಾತಾಡಿದರೆ, ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ, ಅದರ ತೂಕವೇ ಬೇರೆ. ಡಾಕ್ಟರು ಪಕ್ಕದಲ್ಲಿರಲಿ, ಔಷಧದ ಪ್ರಶ್ನೆಗಳಿಗೆ ಅವರು ಬೇಕೇ ಬೇಕು.

ಹಾಗೆ ಮಾತಾಡಲು ಒಪ್ಪಿದವರನ್ನು ನೇರವಾಗಿ ತಂದು ಕೂರಿಸಿಬಿಡಬಾರದು. ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಎಂಬುದನ್ನು ಮುಂಚೆಯೇ ಅವರ ಜೊತೆ ಕೂತು ಬರೆದಿಟ್ಟುಕೊಳ್ಳಿ. ಫೋಟೋ, ವಿಡಿಯೋ ಅವರು ಒಪ್ಪಿದರೆ ಮಾತ್ರ. ಈಗ ಒಪ್ಪಿ ಆಮೇಲೆ ಬೇಡವೆಂದರೂ ಮರುಮಾತಿಲ್ಲದೆ ತೆಗೆಯಬೇಕು. ಕತೆಯಲ್ಲಿ ಕಷ್ಟಕ್ಕೆ ಐದು ನಿಮಿಷ ಸಾಕು. ಯಾರ ಬಳಿ ಮೊದಲು ಬಾಯಿಬಿಟ್ಟರು, ಅವರು ಏನಂದರು, ಮೊದಲ ಭೇಟಿಯಲ್ಲಿ ಏನಾಯಿತು, ಈಗ ದಿನ ಹೇಗೆ ಕಳೆಯುತ್ತದೆ, ಉಳಿದ ಹತ್ತು ನಿಮಿಷ ಇದಕ್ಕೆ. ಕೇಳುವವರಿಗೆ ಉಪಯೋಗಕ್ಕೆ ಬರುವುದು ಈ ಭಾಗವೇ. ಮರುದಿನ ಅವರಿಗೊಂದು ಫೋನ್ ಮಾಡಿ. ಮನಸ್ಸು ಬಿಚ್ಚಿ ಮಾತಾಡಿದವರು ಅದರ ಮರುದಿನ ಕುಸಿಯುವುದು ಅಪರೂಪವಲ್ಲ.

ಆತ್ಮಹತ್ಯೆಯ ವಿಷಯ ಬಂದೇ ಬರುತ್ತದೆ. ಬಚ್ಚಿಡಬೇಕಿಲ್ಲ, ಆದರೆ ಹೇಳುವ ರೀತಿಯಲ್ಲಿ ಜೀವ ಉಳಿಯುವುದೂ ಹೋಗುವುದೂ ಇದೆ. ವಿಯೆನ್ನಾದ ಮೆಟ್ರೋದಲ್ಲಿ 1980ರ ದಶಕದಲ್ಲಿ ಇಂಥ ಸಾವುಗಳು ಏರುತ್ತಿದ್ದವು, ಪತ್ರಿಕೆಗಳು ರಂಗುರಂಗಾಗಿ ವರದಿ ಮಾಡುತ್ತಿದ್ದವು. 1987ರಲ್ಲಿ ಅಲ್ಲಿನ ತಜ್ಞರು ಮಾಧ್ಯಮಗಳಿಗೆ ಮಾರ್ಗಸೂಚಿ ಕೊಟ್ಟರು, ಪತ್ರಿಕೆಗಳು ಒಪ್ಪಿದವು, ಸಂಖ್ಯೆ ಗಣನೀಯವಾಗಿ ಇಳಿಯಿತು. ಸಭೆಗೂ ಅದೇ ನಿಯಮ: ವಿಧಾನ ಹೇಳಬೇಡಿ, ಜಾಗ ಹೇಳಬೇಡಿ, ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣ ಎಂಬಂತೆ ಒಂದೇ ಕಾರಣಕ್ಕೆ ಗಂಟು ಹಾಕಬೇಡಿ, ತೀರಿಕೊಂಡವರನ್ನು ವೀರರನ್ನಾಗಿಯೂ ಹೇಡಿಗಳನ್ನಾಗಿಯೂ ಮಾಡಬೇಡಿ. ಆ ಯೋಚನೆ ಬಂದಿದ್ದರೂ ದಾಟಿ ಬಂದವರ ಮಾತು ಹೇಳಿ. ಪೋಸ್ಟರಿನಲ್ಲಿ ಕತ್ತಲೆ ಕೋಣೆ, ತಲೆ ಹಿಡಿದು ಮೂಲೆಯಲ್ಲಿ ಕೂತ ಆಕೃತಿ, ಹಗ್ಗ, ಮಾತ್ರೆಗಳ ರಾಶಿ, ಯಾವುದೂ ಬೇಡ. ಇಬ್ಬರು ಕೂತು ಮಾತಾಡುವ ಚಿತ್ರ, ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಫೋನ್ ನಂಬರು, ಅಷ್ಟು ಸಾಕು. ಐದು ನಂಬರು ಹಾಕಿದರೆ ಯಾವುದಕ್ಕೆ ಮಾಡಬೇಕೆಂದು ತಿಳಿಯದೆ ಯಾವುದಕ್ಕೂ ಮಾಡುವುದಿಲ್ಲ.

ಇನ್ನು, ಹಿಂದೆ ಉಳಿದ ಆ ಒಬ್ಬರ ಜೊತೆ ಮಾತು. ಆಸ್ಟ್ರೇಲಿಯಾದಲ್ಲಿ 2000ನೇ ಇಸವಿಯಲ್ಲಿ ಬೆಟ್ಟಿ ಕಿಚನರ್ ಮತ್ತು ಆಂಟನಿ ಜಾರ್ಮ್ ಶುರು ಮಾಡಿದ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆಯ ತರಬೇತಿ ಇದನ್ನು ಸಾಮಾನ್ಯ ಜನರಿಗೇ ಕಲಿಸುತ್ತದೆ. ಹತ್ತಿರ ಹೋಗಿ ಅಪಾಯ ಎಷ್ಟಿದೆ ನೋಡುವುದು, ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಧೈರ್ಯ ಮತ್ತು ಮಾಹಿತಿ ಕೊಡುವುದು, ತಜ್ಞರ ಸಹಾಯಕ್ಕೆ ದಾಟಿಸುವುದು, ಮನೆಯವರು ಸ್ನೇಹಿತರ ಆಸರೆ ಜೋಡಿಸುವುದು. ಹೇಳುವಾಗ ಸುಲಭ. ಎಡವುವುದು ಎರಡನೆಯದರಲ್ಲಿ, ನಮ್ಮಲ್ಲಿ ಬಹುತೇಕರಿಗೆ ಒಂದು ನಿಮಿಷ ಕೇಳಿಸಿಕೊಂಡರೆ ಸಾಕು, ಸಲಹೆ ಕೊಡಲು ಬಾಯಿ ತುರಿಸುತ್ತದೆ.

"ನಿದ್ದೆ ಬರ್ತಿಲ್ಲ, ಎದೆ ಭಾರ, ಏನೂ ಬೇಡ ಅನ್ಸುತ್ತೆ" ಎಂದು ಅವರು ಹೇಳಿದರೆಂದುಕೊಳ್ಳಿ. "ಎಲ್ಲರಿಗೂ ಇರುತ್ತೆ ಬಿಡಿ", "ಯೋಗ ಮಾಡಿ", "ನಿಮಗೇನು ಕಮ್ಮಿಯಾಗಿದೆ" ಎಂಬ ಮೂರೂ ಅಲ್ಲಿಗೇ ಬಾಗಿಲು ಹಾಕುತ್ತವೆ. "ಎಷ್ಟು ದಿನದಿಂದ ಹೀಗಾಗ್ತಿದೆ?" ಎನ್ನಿ. "ದಿನದಲ್ಲಿ ಯಾವ ಹೊತ್ತು ತುಂಬಾ ಕಷ್ಟ?" ಎನ್ನಿ. ಅವರು ಸುಮ್ಮನಾದರೆ ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ. ಬದುಕು ಬೇಡವೆನಿಸಿದೆ ಎಂಬ ಸುಳಿವು ಸಿಕ್ಕರೆ ಸುತ್ತಿ ಬಳಸಿ ಕೇಳಬೇಡಿ: "ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂಬ ಭಯ ಸುಳ್ಳೆಂದು ಸಂಶೋಧನೆಗಳು ಹೇಳುತ್ತವೆ, ಕೇಳಿದರಲ್ಲ ಎಂಬ ನಿರಾಳವೇ ಹೆಚ್ಚು ಸಲ ಕಾಣುವುದು. ಹೌದು ಎಂದರೆ ಮುಂದಿನ ಪ್ರಶ್ನೆಗಳು: ಹೇಗೆ ಅಂತ ಯೋಚಿಸಿದ್ದೀರಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ, ಯಾವಾಗ ಅಂತ ನಿರ್ಧರಿಸಿದ್ದೀರಾ. ಇವುಗಳಲ್ಲಿ ಯಾವುದಕ್ಕಾದರೂ ಹೌದೆಂದರೆ ಅವರನ್ನು ಒಬ್ಬರೇ ಬಿಡಬೇಡಿ. ಅವರ ಎದುರಿಗೇ ಫೋನ್ ಮಾಡಿ, ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ, ಅಪಾಯದ ವಸ್ತುಗಳನ್ನು ಮನೆಯವರ ಮೂಲಕ ದೂರ ಮಾಡಿಸಿ. "ಯಾರಿಗೂ ಹೇಳಲ್ಲ" ಎಂದು ಮಾತ್ರ ಯಾವತ್ತೂ ಮಾತು ಕೊಡಬೇಡಿ. "ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಇನ್ನೊಬ್ಬರಿಗೆ ಹೇಳಲೇಬೇಕಾಗುತ್ತೆ, ಉಳಿದದ್ದು ನಮ್ಮಿಬ್ಬರಲ್ಲೇ" ಎಂಬುದು ಮೊದಲೇ ಹೇಳಿಬಿಡುವ ಮಾತು.

ಕೆಲವರು ಖಿನ್ನತೆಯ ಲಕ್ಷಣಗಳನ್ನು ಕೇಳುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಾಳೆಯನ್ನು ಸಭೆಯಲ್ಲೇ ಹಂಚುತ್ತಾರೆ. ಕಳೆದ ಎರಡು ವಾರದ ಸ್ಥಿತಿಗೆ ಪ್ರತಿ ಪ್ರಶ್ನೆಗೂ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರು ನೋಡುವುದು ಒಳ್ಳೆಯದು. ಹಾಳೆಯ ತಪ್ಪಿಲ್ಲ, ಹಂಚುವ ರೀತಿಯದು ತಪ್ಪು. ಅದು ಜರಡಿ ಮಾತ್ರ, ರೋಗನಿರ್ಣಯವಲ್ಲ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದ್ದು; ಅದಕ್ಕೆ 0 ಬಿಟ್ಟು ಬೇರೆ ಏನು ಬಂದರೂ ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಅದೇ ದಿನ ಯಾರಾದರೂ ಕೂತು ಮಾತಾಡಬೇಕು. ಹಾಳೆ ತುಂಬಿಸಿಕೊಂಡು, ಹೆಸರಿಲ್ಲದೆ ಕಟ್ಟಿ ಒಯ್ದು, ಮನೆಯಲ್ಲಿ ಎಣಿಸುತ್ತಾ ಕೂರುವುದು ಬೇಜವಾಬ್ದಾರಿ. ಮಾತಾಡಲು ಜನವಿಲ್ಲದಿದ್ದರೆ ಹಂಚಲೇಬೇಡಿ.

ಔಷಧದ ಬಗ್ಗೆ ಒಂದು ಮಾತು ಸಭೆಯಲ್ಲಿ ಹೇಳಲೇಬೇಕು, ಯಾಕೆಂದರೆ ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ. ಖಿನ್ನತೆಯ ಮಾತ್ರೆಗಳಲ್ಲಿ ಹೊಟ್ಟೆ ತೊಳೆಸುವುದು, ತಲೆನೋವು, ಚಡಪಡಿಕೆ ಮೊದಲ ವಾರದಲ್ಲೇ ಬರಬಹುದು; ಮನಸ್ಸು ಹಗುರಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ತೊಂದರೆ ಮೊದಲು, ಗುಣ ಆಮೇಲೆ. ಈ ಅನುಕ್ರಮ ಗೊತ್ತಿಲ್ಲದವರು ಎರಡನೇ ವಾರಕ್ಕೇ ನಿಲ್ಲಿಸಿಬಿಡುತ್ತಾರೆ. ಗುಣ ಕಂಡವರೂ ಸ್ವಂತ ನಿರ್ಧಾರದಿಂದ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರುತ್ತದೆ, ಕಾಯಿಲೆ ಮರುಕಳಿಸಬಹುದು. ಚಡಪಡಿಕೆ ಜೋರಾದರೆ, ಸಾಯುವ ಯೋಚನೆ ಹೆಚ್ಚಾದರೆ, ಅದರಲ್ಲೂ ಹದಿವಯಸ್ಸಿನವರಲ್ಲಿ, ಮುಂದಿನ ಭೇಟಿಯವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಬೇಕು.

ತಜ್ಞರೇ ಇಲ್ಲದ ಕಡೆ ಏನು ಮಾಡುವುದು? ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ತರಬೇತಿ ಕೊಟ್ಟಿದ್ದು ಅಜ್ಜಿಯರಿಗೆ. ಆರೋಗ್ಯ ಕೇಂದ್ರದ ಆವರಣದ ಮರದ ಬೆಂಚಿನಲ್ಲಿ ಕೂತು ಅವರು ಮಾಡುತ್ತಿದ್ದ ಕೆಲಸ ಇಷ್ಟೇ: ಕಷ್ಟಗಳನ್ನೆಲ್ಲ ಹೇಳಿಸಿ, ಅವುಗಳಲ್ಲಿ ಒಂದನ್ನು ಆರಿಸಿ, ಆ ವಾರ ಮಾಡಬಹುದಾದ ಒಂದು ಹೆಜ್ಜೆ ಹುಡುಕಿ, ಮುಂದಿನ ಸಲ ಬಂದಾಗ ಏನಾಯಿತೆಂದು ಕೇಳುವುದು. ಸುಮಾರು ಆರು ಭೇಟಿ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾಮೂಲಿ ಆರೈಕೆ ಪಡೆದವರಿಗಿಂತ ಬೆಂಚಿಗೆ ಬಂದವರಲ್ಲಿ ಲಕ್ಷಣಗಳು ಸ್ಪಷ್ಟವಾಗಿ ಕಡಿಮೆಯಾಗಿದ್ದವು. ಆದರೆ ಬೆಂಚು ಹಾಕಿದರೆ ಆಯಿತೆಂದು ಅನುಕರಿಸುವವರು ಮರೆಯುವ ಸಂಗತಿಯೆಂದರೆ ಆ ಅಜ್ಜಿಯರ ಹಿಂದೆ ಮೇಲ್ವಿಚಾರಕರಿದ್ದರು, ಗಂಭೀರ ಸ್ಥಿತಿಯವರನ್ನು ಮೇಲಕ್ಕೆ ಕಳಿಸುವ ವ್ಯವಸ್ಥೆ ಇತ್ತು. ಅವೆರಡೂ ಇಲ್ಲದೆ ಸ್ವಯಂಸೇವಕರನ್ನು ಕೂರಿಸಿದರೆ ಕೆಲವೇ ತಿಂಗಳಲ್ಲಿ ಅವರೇ ಬಳಲಿ ಹೋಗುತ್ತಾರೆ.

ಆದ್ದರಿಂದ ಸ್ವಯಂಸೇವಕರ ಲೆಕ್ಕವೂ ಬೇಕು. ಒಬ್ಬರ ಕೈಯಲ್ಲಿ ಒಂದೇ ಹೊತ್ತಿಗೆ ಮೂರ್ನಾಲ್ಕು ಜನಕ್ಕಿಂತ ಹೆಚ್ಚಿರಬಾರದು, ಹದಿನೈದು ದಿನಕ್ಕೊಮ್ಮೆ ತಜ್ಞರೊಬ್ಬರ ಜೊತೆ ಕೂತು ಮಾತಾಡಬೇಕು, ರಾತ್ರಿ ಫೋನುಗಳು ಸ್ವಂತ ನಂಬರಿಗೆ ಬರದೆ ಹೆಲ್ಪ್‌ಲೈನಿಗೆ ಹೋಗಬೇಕು. ಬಂದವರ ವಿಷಯ ಸ್ವಯಂಸೇವಕರ ವಾಟ್ಸ್ಆಪ್ ಗುಂಪಿನಲ್ಲಿ ಹೆಸರಿಲ್ಲದೆಯೂ ಬರಬಾರದು. ಚಿಕ್ಕ ಬಡಾವಣೆಯಲ್ಲಿ ವಯಸ್ಸು, ಕೆಲಸ ಹೇಳಿದರೆ ಹೆಸರು ಹೇಳಿದಂತೆಯೇ. ದಾಖಲೆ ಬೇಕಾದರೆ ಒಂದು ಪುಸ್ತಕ, ಒಂದು ಬೀಗ, ಒಬ್ಬರ ಕೈಯಲ್ಲಿ ಕೀಲಿ. ಅದರಲ್ಲಿ ಬರೆಯುವುದು ಒಂದು ಗುರುತು, ಮಾತಾಡಿದ ದಿನ, ಎಲ್ಲಿಗೆ ಕಳಿಸಿದ್ದು, ಮೊದಲ ಭೇಟಿ ಆಯಿತೇ, ಎರಡನೆಯದು ಆಯಿತೇ. ಮಾತಾಡಿದ ಮೂರು ದಿನಕ್ಕೆ, ಎರಡು ವಾರಕ್ಕೆ, ಆರು ವಾರಕ್ಕೆ ಅವರ ಒಪ್ಪಿಗೆಯಿಂದಲೇ ಒಂದೊಂದು ಫೋನ್. ಸಭೆಗೆ ಎಷ್ಟು ಜನ ಬಂದರೆಂದು ವರದಿಯಲ್ಲಿ ಬರೆಯುವುದು ಎಲ್ಲರಿಗೂ ಇಷ್ಟ. ಎರಡನೇ ಭೇಟಿಗೆ ಎಷ್ಟು ಜನ ಹೋದರೆಂಬ ಅಂಕಣ ನೋಡಿದರೆ ಹಾಳೆಯಲ್ಲಿರುವ ಯಾವ ವಿಳಾಸ ಕೆಲಸ ಮಾಡುತ್ತಿದೆ, ಯಾವುದನ್ನು ಹೊಡೆದುಹಾಕಬೇಕು ಎಂದು ತಿಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಆ ಅಂಕಣ ಎದುರಿಗಿಟ್ಟುಕೊಂಡು ಎಲ್ಲ ನಂಬರುಗಳಿಗೂ ಮತ್ತೆ ಫೋನ್ ಮಾಡಿ, ಹಾಳೆಯ ಮೇಲೆ ಹೊಸ ತಾರೀಖು ಹಾಕಿ, ಹಳೆಯ ಪ್ರತಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಿ.