ತಪಾಸಣೆ ಮಾಡಿಸಬೇಕೇ, ಇನ್ನೂ ಸ್ವಲ್ಪ ದಿನ ಕಾದು ನೋಡಬೇಕೇ?

ನನ್ನ ಮಗನಿಗೆ ಆಟಿಸಂ (ಇತರರೊಡನೆ ಬೆರೆಯುವ, ಮಾತನಾಡುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇದೆಯೆಂದು ಬಲ್ಲ ಚಿಕ್ಕ ಮಕ್ಕಳ ತಂದೆತಾಯಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಮಗು ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಮಾತು ಇನ್ನೂ ಬಂದಿಲ್ಲ. ತಪಾಸಣೆ ಮಾಡಿಸಬೇಕೇ, ಇನ್ನೂ ಸ್ವಲ್ಪ ದಿನ ಕಾದು ನೋಡಬೇಕೇ?" ಮಾಡಿಸಿ ಎಂಬುದೇ ನನ್ನ ಉತ್ತರ. ಆ ಅನುಮಾನ ತಿಂಗಳುಗಟ್ಟಲೆ ನಿಮ್ಮ ನಿದ್ದೆ ಕೆಡಿಸಿದೆಯೆಂದರೆ, ಕಾದು ನೋಡುವ ಕೆಲಸವನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಿ.

ನಾನು ಒಂದೂವರೆ ವರ್ಷ ಕಾದೆ. ಕಪಾಟಿನ ಮೇಲಿನ ಚೆಂಡು ಬೇಕಾದಾಗ ಮಗ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ನನ್ನ ಅಂಗೈಯನ್ನು ಚೆಂಡಿನ ಕಡೆಗೆ ಎತ್ತಿ ತಳ್ಳುತ್ತಿದ್ದ. ನನ್ನ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ. ಮಾತು ಬಾರದಿದ್ದರೂ ಎಷ್ಟು ಜಾಣತನದಿಂದ ಬೇಕಾದ್ದನ್ನು ಪಡೆಯುತ್ತಾನೆ ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು. ಅದು ಜಾಣತನವೇ ಹೌದು, ಆದರೆ ಅಲ್ಲಿ ಇಲ್ಲದಿದ್ದುದು ಏನೆಂದು ನಮಗೆ ಹೊಳೆಯಲಿಲ್ಲ. ಮಕ್ಕಳು ಬೆರಳು ತೋರಿಸುವುದರಲ್ಲಿ ಎರಡು ಬಗೆಯಿದೆ. ಒಂದು, ಅದು ನನಗೆ ಬೇಕು ಎಂದು ತೋರಿಸುವುದು. ಇನ್ನೊಂದು, ಹಾರುವ ಹಕ್ಕಿಯನ್ನೋ ದೂರದ ದೀಪವನ್ನೋ ಸುಮ್ಮನೆ ತೋರಿಸಿ, ನೀವೂ ನೋಡಿದಿರಾ ಎಂದು ತಿರುಗಿ ನಿಮ್ಮ ಮುಖವನ್ನು ನೋಡುವುದು. ಹದಿನೆಂಟು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಈ ಎರಡನೆಯದೂ ಕಾಣಿಸಿಕೊಂಡಿರುತ್ತದೆ. ಎಷ್ಟು ಪದ ಬಂದಿವೆ ಎಂದು ಮನೆಯವರೆಲ್ಲ ಎಣಿಸುತ್ತಾರೆ, ಆದರೆ ಆ ತಿರುಗಿ ನೋಡುವ ನೋಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ವರ್ಷ ತುಂಬಿದರೂ ಹೆಸರಿಗೆ ಓಗೊಡದಿರುವುದು, ಹದಿನಾರು ತಿಂಗಳಾದರೂ ಒಂದು ಪದವೂ ಬಾರದಿರುವುದು, ಎರಡು ವರ್ಷಕ್ಕೆ ತಾನಾಗಿ ಎರಡು ಪದ ಕೂಡಿಸಿ ಆಡದಿರುವುದು ಗಮನಿಸಬೇಕಾದ ಸಂಗತಿಗಳು. ಇವುಗಳಲ್ಲಿ ಒಂದು ಕಂಡಿತೆಂದ ಮಾತ್ರಕ್ಕೆ ಅದು ಆಟಿಸಂ ಆಗಿಬಿಡುವುದಿಲ್ಲ. ಆದರೆ ಬಂದಿದ್ದ ಮಾತು ಅಥವಾ ನಗು, ಒಡನಾಟ ಹಿಂದೆ ಸರಿದರೆ, ಮಗುವಿಗೆ ಯಾವ ವಯಸ್ಸೇ ಆಗಿರಲಿ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ತಪಾಸಣೆಯೆಂದರೆ ರಕ್ತ ತೆಗೆಯುವುದೋ ಸ್ಕ್ಯಾನ್ ಮಾಡುವುದೋ ಎಂದುಕೊಂಡವರು ಬಹಳ ಮಂದಿ. ಆಟಿಸಂ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಕಿವಿ ಸರಿಯಾಗಿ ಕೇಳಿಸುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುತ್ತಾರೆ. ಕರೆದರೆ ತಿರುಗದ ಮಗುವಿನಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಅದು ಹೆಚ್ಚಿನ ಪರೀಕ್ಷೆ ಬೇಕೇ ಎಂದು ಸೂಚಿಸುತ್ತದೆಯೇ ಹೊರತು ಆಟಿಸಂ ಇದೆ ಎಂದು ತೀರ್ಮಾನಿಸುವುದಿಲ್ಲ. ತೀರ್ಮಾನಕ್ಕೆ ಬರುವವರು ಮಗುವಿನೊಡನೆ ಆಡುತ್ತಾರೆ, ಅದು ಆಡುವುದನ್ನು ನೋಡುತ್ತಾರೆ, ಹುಟ್ಟಿದಂದಿನಿಂದ ನಡೆದದ್ದನ್ನು ನಿಮ್ಮಿಂದ ಕೇಳಿ ಬರೆದುಕೊಳ್ಳುತ್ತಾರೆ. ಹತ್ತು ನಿಮಿಷ ನೋಡಿ ಇದೆ ಎಂದೋ ಇಲ್ಲ ಎಂದೋ ಹೇಳಿ ಕಳಿಸಿದರೆ ಇನ್ನೊಬ್ಬ ತಜ್ಞರನ್ನು ಕಾಣಿ. ಅನುಭವಿಗಳು ಎರಡು ವರ್ಷದ ಹೊತ್ತಿಗೇ ಬಹುಮಟ್ಟಿಗೆ ನಂಬಬಹುದಾದ ತೀರ್ಮಾನ ಕೊಡಬಲ್ಲರು. ಆದ್ದರಿಂದ "ಶಾಲೆಗೆ ಸೇರಲಿ, ಆಮೇಲೆ ನೋಡೋಣ" ಎಂಬ ಮಾತಿಗೆ ಆಧಾರವಿಲ್ಲ.

ಮುಂದೂಡುವವರನ್ನು ತಡೆಯುವುದು ಸೋಮಾರಿತನವಲ್ಲ, ತಪ್ಪು ತಮ್ಮ ತಲೆಗೆ ಬರುತ್ತದೆಂಬ ಅಂಜಿಕೆ. ಈ ಅಂಜಿಕೆಗೊಂದು ಚರಿತ್ರೆಯೇ ಇದೆ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇದ್ದ ಹನ್ನೊಂದು ಮಕ್ಕಳ ಬಗ್ಗೆ ಬರೆದ ಮೇಲೆ, ತಾಯಿಯ ಪ್ರೀತಿ ಸಾಲದ್ದರಿಂದ ಮಗು ಹೀಗಾಯಿತು ಎಂಬ ವಾದ ಎಷ್ಟೋ ವರ್ಷ ನಡೆಯಿತು. ಆ ವಾದ ಬಿದ್ದುಹೋಗಿದೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಸಂಶಯ ಹುಟ್ಟಿಸಿದ 1998ರ ಲೇಖನವನ್ನೂ ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ನೀವು ಎತ್ತಿ ಆಡಿಸಿದ್ದು ಕಡಿಮೆಯಾಗಿ ಇದು ಬಂದದ್ದಲ್ಲ. ಈ ಮಾತನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಆ ಒಂದೂವರೆ ವರ್ಷ ಉಳಿಯುತ್ತಿತ್ತು.

"ಮಗುವಿಗೆ ಒಂದು ಹಣೆಪಟ್ಟಿ ಅಂಟುವುದಿಲ್ಲವೇ?" ಎಂದೂ ಕೇಳುತ್ತಾರೆ. ನನ್ನ ಮಗನಿಗೆ ಅದಕ್ಕೆ ಮೊದಲೇ ಹಠಮಾರಿ, ಒರಟ, ಹೇಳಿದ ಮಾತು ಕೇಳದವನು ಎಂಬ ಹೆಸರುಗಳು ಬಂದಿದ್ದವು. ಮಿಕ್ಸರ್ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಹೊರಳುವುದು ಹಠವಲ್ಲ, ಆ ಸದ್ದು ಅವನಿಗೆ ನಿಜವಾಗಿಯೂ ನೋವುಂಟುಮಾಡುತ್ತದೆ ಎಂಬುದು ಗೊತ್ತಾದ ದಿನ ನಾನು ಗದರಿಸುವುದನ್ನು ಬಿಟ್ಟೆ.

ದೊಡ್ಡ ಮಕ್ಕಳ ವಿಷಯದಲ್ಲಿ ನನ್ನ ಉತ್ತರ ಇಷ್ಟು ನೇರವಾಗಿಲ್ಲ. ಚೆನ್ನಾಗಿ ಮಾತನಾಡುವ, ಶಾಲೆಯಲ್ಲಿ ಇತರರನ್ನು ನೋಡಿ ಅವರಂತೆಯೇ ನಡೆದುಕೊಂಡು ಮನೆಗೆ ಬಂದೊಡನೆ ಕುಸಿದು ಅಳುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹಲವು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರಿಗೂ ತಪಾಸಣೆ ಉಪಯುಕ್ತವೇ, ಆದರೆ ಹದಿಮೂರು ಹದಿನಾಲ್ಕರ ಮಗುವನ್ನು ಕೇಳದೆ, ಏಕೆಂದು ಹೇಳದೆ ಕರೆದೊಯ್ಯಬಾರದು.

ತಪಾಸಣೆಯಲ್ಲಿ ಆಟಿಸಂ ಅಲ್ಲವೆಂದಾದರೂ ಹೋದದ್ದು ವ್ಯರ್ಥವಲ್ಲ. ಕಿವಿಯ ದೋಷವೋ ಮಾತಿನ ಬೆಳವಣಿಗೆಯ ತೊಂದರೆಯೋ ಹಾಗೆಯೇ ಬೆಳಕಿಗೆ ಬರುವುದುಂಟು. ಇದೆ ಎಂದಾದರೆ, ಪೂರ್ತಿ ಗುಣಪಡಿಸುತ್ತೇವೆ ಎಂದು ಹಣ ಕೇಳುವವರಿಂದ ದೂರವಿರಿ. ಆಟಿಸಂ ಅನ್ನು ಇಲ್ಲವಾಗಿಸುವ ಔಷಧಿಯಿಲ್ಲ.

ತಜ್ಞರ ಭೇಟಿಗೆ ಇನ್ನೂ ಕೆಲವು ತಿಂಗಳಿದ್ದರೆ ಸ್ಪೀಚ್ ಥೆರಪಿಯನ್ನು ಅಲ್ಲಿಯವರೆಗೆ ತಡೆಹಿಡಿಯಬೇಕಿಲ್ಲ. ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ, ಕಂಡದ್ದನ್ನು ಕಂಡಂತೆ ಬರೆದಿಡಿ. ಮಗು ತನ್ನಷ್ಟಕ್ಕೆ ಆಡುವಾಗ ಫೋನಿನಲ್ಲಿ ಎರಡು ಮೂರು ನಿಮಿಷ ಚಿತ್ರೀಕರಿಸಿಕೊಳ್ಳಿ. ಹೊಸ ಕೋಣೆಯಲ್ಲಿ, ಹೊಸಬರ ಎದುರಿನಲ್ಲಿ, ನನ್ನ ಮಗ ತಪಾಸಣೆಯ ದಿನ ಒಂದು ಗಂಟೆ ಕಿಟಕಿಯ ಬಳಿಯೇ ನಿಂತಿದ್ದ. ಅವನು ನನ್ನ ಮಣಿಕಟ್ಟು ಹಿಡಿದು ಎಳೆಯುವುದನ್ನು ತಜ್ಞರು ನೋಡಿದ್ದು ನನ್ನ ಫೋನಿನಲ್ಲಿ.