ಲೋಡ್ ಬದಲಾದರೆ ನಾಯ್ಸೂ ಬದಲು

18 ಜೂನ್ 2024, ಮಂಗಳವಾರ

ಬೆಂಚಿನ ಮೇಲೆ ಇವತ್ತು ಸಿಸಿಟಿವಿಗೆ ಹಾಕುವ 12 ವೋಲ್ಟ್, 5 ಆಂಪಿಯರ್ ಅಡಾಪ್ಟರ್. ಎರಡೇ ಪಿನ್ನು, ಒಳಗೆ 65 ಕಿಲೋಹರ್ಟ್ಸ್ ಫ್ಲೈಬ್ಯಾಕ್, ಅಂದರೆ ಸೆಕೆಂಡಿಗೆ 65 ಸಾವಿರ ಸಲ ಆನ್-ಆಫ್ ಆಗುತ್ತಾ ಟ್ರಾನ್ಸ್‌ಫಾರ್ಮರ್ ಮೂಲಕ ವೋಲ್ಟೇಜ್ ಇಳಿಸುವ ಸರ್ಕ್ಯೂಟ್. ಉಪಕರಣಗಳ ನಾಯ್ಸಿಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಮಾನದಂಡ ಸಿಐಎಸ್‌ಪಿಆರ್ 32ರ ವಾಹಕ ನಾಯ್ಸ್ (ಮೇನ್ಸ್ ತಂತಿಗೆ ಮರಳಿ ಸೇರುವ ನಾಯ್ಸ್) ಅಳತೆ 150 ಕಿಲೋಹರ್ಟ್ಸಿನಿಂದ ಶುರುವಾಗುವುದರಿಂದ 65, ಅದರ ಎರಡರಷ್ಟಾದ 130 ಎರಡೂ ನುಸುಳಿಕೊಳ್ಳುತ್ತವೆ. ಮೊದಲು ಸಿಕ್ಕಿಬೀಳುವುದು ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಆವರ್ತನ), 195. ಅಲ್ಲಿ ಬಿ ಕ್ಲಾಸಿನ (ಮನೆಬಳಕೆಯ ಉಪಕರಣಗಳ) ಮಿತಿ ಕ್ವಾಸಿ-ಪೀಕ್‌ಗೆ (ಪದೇಪದೇ ಬರುವ ನಾಯ್ಸಿಗೆ ಹೆಚ್ಚು ತೂಕ ಕೊಡುವ ಅಳತೆಗೆ) ಸುಮಾರು 63.8 ಡಿಬಿ ಮೈಕ್ರೋವೋಲ್ಟ್, ಆವರೇಜ್‌ಗೆ 53.8.

ಮೇನ್ಸ್, ಅಡಾಪ್ಟರ್ ನಡುವೆ ಕೂತು ನಾಯ್ಸನ್ನು ಸ್ಪೆಕ್ಟ್ರಮ್ ಅನಲೈಸರಿಗೆ (ಆವರ್ತನವಾರು ಗ್ರಾಫ್ ತೋರಿಸುವ ಉಪಕರಣಕ್ಕೆ) ಕೊಡುವ ಪೆಟ್ಟಿಗೆ ಲಿಸ್ನ್. ಲಿಸ್ನ್‌ನ ಬಾಡಿಯನ್ನು ಗ್ರೌಂಡ್ ಪ್ಲೇನಿಗೆ (ಅರ್ತ್ ಆದ ಲೋಹದ ಹಾಳೆಗೆ) ಬೋಲ್ಟ್ ಹಾಕಿ ಬಿಗಿದ ಮೇಲೆಯೇ ಮೇನ್ಸ್ ಕೊಡಬೇಕು. ಒಳಗಿನ 8 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ 230 ವೋಲ್ಟಿನಲ್ಲಿ ಅರ್ತ್‌ಗೆ ಅರ್ಧ ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ಸೋರಿಕೆ ಕಂಡರೆ ಟ್ರಿಪ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ನಿಲ್ಲುವುದೇ ಇಲ್ಲ. ಅದನ್ನು ಬೈಪಾಸ್ ಮಾಡುವ ಚಾಳಿ ಬೇಡ, ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ. ಅಡಾಪ್ಟರ್ ಆನ್-ಆಫ್ ಮಾಡುವಾಗ ಅನಲೈಸರಿನ ಕೇಬಲ್ ಕಳಚಿರಲಿ, ಒಂದು ಸ್ಪೈಕ್ ಸಾಕು ಅದರ ಇನ್‌ಪುಟ್ ಸುಡಲು. ಅಡಾಪ್ಟರ್ 80 ಸೆಂ.ಮೀ. ಎತ್ತರದ ಮರದ ಮೇಜಿನ ಮೇಲೆ, ಲಿಸ್ನ್‌ನಿಂದ 80, ಹಿಂದಿನ ಲೋಹದ ಹಾಳೆಯಿಂದ 40 ಸೆಂ.ಮೀ. ದೂರ. ಆರ್‌ಬಿಡಬ್ಲ್ಯು (ಅನಲೈಸರ್ ಒಮ್ಮೆಗೆ ನೋಡುವ ಪಟ್ಟಿಯ ಅಗಲ) 9 ಕಿಲೋಹರ್ಟ್ಸ್.

ಮೊದಲ ಲೋಡ್: 10 ಓಮ್, 50 ವ್ಯಾಟಿನ ನಾಲ್ಕು ರೆಸಿಸ್ಟರ್ ಪ್ಯಾರಲಲ್. 2.5 ಓಮ್, 4.8 ಆಂಪಿಯರ್. ಒಂದೊಂದೂ 14 ವ್ಯಾಟ್ ತಿನ್ನುವುದರಿಂದ ಹೀಟ್‌ಸಿಂಕ್ ಬೇಕೇ ಬೇಕು. ಗ್ರಾಫ್ ನೋಡಿದರೆ ಲೈನ್, ನ್ಯೂಟ್ರಲ್ ಎರಡೂ ಮಿತಿಯ ಕೆಳಗೆ, ಆರಾಮಾಗಿ.

ಆದರೆ ಈ ಪಾಸನ್ನು ನಂಬುವಂತಿಲ್ಲ. ಔಟ್‌ಪುಟ್ಟಿನ ನೆಗೆಟಿವ್‌ನಿಂದ ಗ್ರೌಂಡ್ ಪ್ಲೇನಿಗೆ ಒಂದು ಗಿಡ್ಡ ತಂತಿ ಹಾಕಿದರೆ ಸಾಕು, 1ರಿಂದ 10 ಮೆಗಾಹರ್ಟ್ಸ್ ನಡುವಿನ ಗೆರೆ ಮೇಲಕ್ಕೆದ್ದು ಮಿತಿ ದಾಟುತ್ತದೆ. ವ್ಯಾಟ್ ಅಷ್ಟೇ, ಲೋಡ್ ಅದೇ. ಸ್ವಿಚ್ಚಾಗಿ ಕೆಲಸ ಮಾಡುವ ಮಾಸ್‌ಫೆಟ್ ಟ್ರಾನ್ಸಿಸ್ಟರಿನ ಡ್ರೇನ್ ಕಾಲು ಪ್ರತಿ ಸ್ವಿಚಿಂಗಿಗೂ ನೂರಾರು ವೋಲ್ಟ್ ಜಿಗಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಸುತ್ತುಗಳ ನಡುವಿನ ಕೆಪಾಸಿಟನ್ಸ್ ಹಿಡಿದು ಕರೆಂಟ್ ಮೇನ್ಸ್ ಬದಿಯ ಪ್ರೈಮರಿಯಿಂದ ಔಟ್‌ಪುಟ್ ಬದಿಯ ಸೆಕೆಂಡರಿಗೆ ದಾಟುತ್ತದೆ. ತೇಲುತ್ತಿರುವ (ಅರ್ತ್‌ಗೆ ಸೇರದ) ರೆಸಿಸ್ಟರಿನಿಂದ ಅದು ಮರಳಲು ಸರಿಯಾದ ದಾರಿಯಿಲ್ಲ. ತಂತಿ ಹಾಕಿದಾಗ ಅರ್ತ್, ಲಿಸ್ನ್ ಮೂಲಕ ಹೆದ್ದಾರಿಯೇ ಸಿಗುತ್ತದೆ.

ನಿಜವಾದ ಜೋಡಣೆಯಲ್ಲಿ ಈ ತಂತಿ ಇದ್ದೇ ಇರುತ್ತದೆ, ಯಾರೂ ಬೇಕೆಂದು ಹಾಕಿರುವುದಿಲ್ಲ. ಕೋಆಕ್ಸ್ ಕೇಬಲಿನ ಶೀಲ್ಡ್ ನೆಗೆಟಿವ್‌ಗೆ ಸೇರಿರುತ್ತದೆ, ಕ್ಯಾಮೆರಾದ ಲೋಹದ ಬಾಡಿ ಕಂಬಕ್ಕೆ, ಕಂಬ ನೆಲಕ್ಕೆ. ಹಾಗಾಗಿ ಎರಡನೇ ಸುತ್ತಿಗೆ ಡಿವಿಆರ್ (ವಿಡಿಯೊ ರೆಕಾರ್ಡರ್), ನಾಲ್ಕು ಕ್ಯಾಮೆರಾ, ಒಂದರ ಬಾಡಿ ಗ್ರೌಂಡ್ ಪ್ಲೇನಿಗೆ. ಕ್ಯಾಮೆರಾದ ಮೂತಿಗೆ ಕಪ್ಪು ಬಟ್ಟೆ ಮುಚ್ಚಿ: ಅದು ರಾತ್ರಿಯೆಂದುಕೊಂಡು ಒಳಗಿನ ಫಿಲ್ಟರ್ ಟಿಕ್ ಎನ್ನುತ್ತದೆ, ಐಆರ್ ಎಲ್‌ಇಡಿಗಳು ಮಂಕು ಕೆಂಪಾಗುತ್ತವೆ, ಕರೆಂಟ್ ಏರುತ್ತದೆ. ಹಗಲು, ರಾತ್ರಿ ಎರಡೂ ಅಳೆಯಬೇಕು. ಹಗಲಿನ ಕಡಿಮೆ ಲೋಡಿನಲ್ಲಿ ಅಡಾಪ್ಟರಿನ ಕಂಟ್ರೋಲರ್ ಬರ್ಸ್ಟ್ ಮೋಡಿಗೆ (ಬಿಟ್ಟು ಬಿಟ್ಟು ಸ್ವಿಚ್ ಮಾಡುವ ರೀತಿಗೆ) ಇಳಿದರೆ ಚೂಪು ಗೆರೆಗಳ ಬದಲು ಅಗಲ ಗುಡ್ಡ ಕಾಣುತ್ತದೆ. ಸ್ಕ್ಯಾನ್ ಅವಸರದ್ದಾದರೆ ಬರ್ಸ್ಟ್ ತಪ್ಪಿಯೇ ಹೋಗುತ್ತದೆ.

ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಲೋಡ್ (ಬೇಕಾದಷ್ಟು ಕರೆಂಟ್ ಎಳೆಯುವ ಉಪಕರಣ) ಬಳಸುವವರಿಗೊಂದು ಮಾತು: ಅದರ ಮೇನ್ಸ್ ಕೇಬಲಿನಿಂದ ಬರುವ ಅರ್ತ್ ದಾರಿ, ಅದರದೇ ನಾಯ್ಸ್ ಎರಡೂ ಗ್ರಾಫಿನಲ್ಲಿ ಸೇರುತ್ತವೆ. ಅದೇ ಕರೆಂಟಿಗೆ ರೆಸಿಸ್ಟರ್ ಇಟ್ಟು ಹೋಲಿಸದೆ ಅಡಾಪ್ಟರನ್ನು ಬೈಯಬೇಡಿ.

ಪರಿಹಾರಕ್ಕೆ ಎಲ್ಲರೂ ಮೊದಲು ಕೈಹಾಕುವುದು ಪ್ರೈಮರಿ-ಸೆಕೆಂಡರಿ ನಡುವೆ ನಾಯ್ಸಿಗೆ ಒಳಗೇ ಮರಳುವ ದಾರಿ ಕೊಡುವ ವೈ ಕೆಪಾಸಿಟರಿಗೆ. 2.2 ನ್ಯಾನೋಫ್ಯಾರಡ್ ಇದ್ದಾಗ ಸೋರಿಕೆ 0.16 ಮಿಲಿಆಂಪಿಯರ್, 4.7 ಮಾಡಿದರೆ 0.34. ಕ್ಯಾಮೆರಾ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುವುದು ಇದೇ. ನಾಳೆ 2.2 ಹಾಗೇ ಉಳಿಸಿ, ಸುತ್ತುಗಳ ನಡುವೆ ತಾಮ್ರದ ಶೀಲ್ಡ್ ಇರುವ ಟ್ರಾನ್ಸ್‌ಫಾರ್ಮರ್ ಹಾಕಿ ಅಳೆಯುವುದು, ತಂತಿ ಸಮೇತ.